ಕಪ್ ನೆನಪು ಸಿಹಿ, ಅಂಗಳದ ಚರ್ಚೆ ಬಿಸಿ
ವಾರಾಣಸಿ: ಗಂಗೆಯ ತಟದಲ್ಲಿ ನೆಲೆಸಿದರೂ ಬೆಂಗಳೂರಿನ ಫುಟ್‌ಬಾಲ್ ಅಭಿಮಾನಿಗೆ 2016ರ ಅಕ್ಟೋಬರ್ 19 ಮರೆಯಲಾಗದ ದಿನ. ಅಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಮಣಿಸಿ, ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಎನಿಸಿತು. ಸುನಿಲ್ ಛೆಟ್ರಿ ಎರಡು ಗೋಲು ಹೊಡೆದರು. ದೋಹಾದ ಫೈನಲ್‌ನಲ್ಲಿ 1-0 ಸೋಲು.

ಆದರೆ ಅಂಗಳದ ಚರ್ಚೆ ಮುಗಿದಿಲ್ಲ. 2013-14ರಲ್ಲಿ ಮೊದಲ ಯತ್ನದಲ್ಲೇ ಐ-ಲೀಗ್ ಗೆದ್ದಾಗ ಕ್ಲಬ್ಬಿನ ತವರು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ. ಅದು ಚಿಕ್ಕದು, ಆದರೆ ಆಟ ಕಣ್ಣೆದುರೇ ಇರುತ್ತಿತ್ತು. ಕಂಠೀರವದಲ್ಲಿ ಆಸನ ಹೆಚ್ಚು, ನಡುವೆ ಓಟದ ಟ್ರ್ಯಾಕ್. ಓಟಗಾರರಿಗೂ ಅದೇ ಬೇಕು. ಅವರ ತಕರಾರು ಹೈಕೋರ್ಟ್ ಮೆಟ್ಟಿಲೇರಿತ್ತು. ಇಬ್ಬರ ಬೇಡಿಕೆಯೂ ನ್ಯಾಯವೇ. ಫುಟ್‌ಬಾಲ್‌ಗೇ ಮೀಸಲಾದ ದೊಡ್ಡ ಅಂಗಳವೊಂದೇ ಇದಕ್ಕೆ ಪರಿಹಾರ.