‘ಈ ವಾರ ಬ್ಯಾಡ ಬುಡು’ ಎಂಬ ತೀರ್ಪು

ಹನೂರು ತಾಲ್ಲೂಕಿನ ರಾಮಾಪುರ ಹೋಬಳಿ ಕರ್ನಾಟಕದ ಅಂಚಿನಲ್ಲಿದೆ. ಒಂದು ಕಡೆ ಮಲೆ ಮಹದೇಶ್ವರ ವನ್ಯಧಾಮದ ಕಾಡು, ಇನ್ನೊಂದು ಕಡೆ ಗರಿಕೆಕಂಡಿ ದಾಟಿದರೆ ತಮಿಳುನಾಡು. ಮಳೆ ನಂಬಿದ ಹೊಲ ವರ್ಷವಿಡೀ ಕೆಲಸ ಕೊಡುವುದಿಲ್ಲವಾದ್ದರಿಂದ ಈ ಸೀಮೆಯ ಅನೇಕ ಗಂಡಸರು ದುಡಿಮೆಗೆಂದು ದೂರದ ಊರು ಸೇರುತ್ತಾರೆ. ಗುರುವಾರ ಲಸಿಕೆಯ ದಿನ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ಕರೆದಾಗ ಲಸಿಕೆಯ ದಾಖಲೆಯಿರುವ ‘ತಾಯಿ ಕಾರ್ಡ್’ ಹಿಡಿದು ಮಗುವನ್ನು ಎತ್ತಿಕೊಂಡು ಹೊರಡಬೇಕಾದವಳು ತಾಯಿ; ಅಪ್ಪನ ಮಾತು ಫೋನಿನಲ್ಲಿ ಬರುತ್ತದೆ. ಇಂಥ ಮನೆಗಳಲ್ಲಿ ಲಸಿಕೆ ಕುರಿತ ಭಿನ್ನಾಭಿಪ್ರಾಯ ಜಗಳವಾಗಿ ಸಿಡಿಯುವುದು ಅಪರೂಪ. ‘ಬೇಡವೇ ಬೇಡ’ ಎಂದು ಯಾರೂ ಹಟ ಹಿಡಿಯುವುದಿಲ್ಲ. “ಮಗೀಗ ಜ್ವರ ಬತ್ತದ, ಈ ವಾರ ಬ್ಯಾಡ ಬುಡು, ಮುಂದ್ಕ ನೋಡ್ಮ” ಎಂಬಲ್ಲಿಗೆ ಮಾತು ಮುಗಿಯುತ್ತದೆ. ಇಬ್ಬರಿಗೂ ಸೋಲಾಗಲಿಲ್ಲ, ಮನೆಯ ನೆಮ್ಮದಿ ಕೆಡಲಿಲ್ಲ ಎಂದು ಕಾಣುತ್ತದೆ. ಆದರೆ ಮುಂದೂಡಿದ್ದರ ಫಲ ಮಗುವಿನ ಮಟ್ಟಿಗೆ ಬೇಡ ಎಂದವರ ಪರವಾದ ತೀರ್ಪೇ. ಲಸಿಕೆ ಹಾಕಿಸಬೇಕೆಂದವರು ಪ್ರತಿ ವಾರವೂ ವಾದ ಮಾಡಿ ಗೆಲ್ಲಬೇಕು. ಬೇಡ ಎಂದವರು ಏನೂ ಮಾಡದೆಯೇ ಗೆಲ್ಲುತ್ತಾರೆ. ಈ ಅಸಮಾನತೆಯನ್ನು ತಿರುಗಿಸಬೇಕು, ಅಪ್ಪ-ಅಮ್ಮ ಒಪ್ಪದಿದ್ದಾಗ ಕಾರಣ ಕೊಡುವ ಹೊಣೆ ಬೇಡ ಎನ್ನುವವರ ಮೇಲಿರಬೇಕು ಎಂಬುದು ನನ್ನ ವಾದ.

ಯಾಕೆಂದರೆ ಲಸಿಕೆಯ ದಿನಾಂಕಗಳನ್ನು ಆರೋಗ್ಯ ಇಲಾಖೆ ತನ್ನ ಅನುಕೂಲಕ್ಕೆ ಗೊತ್ತುಮಾಡಿದ್ದಲ್ಲ. ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಹುಟ್ಟಿದ 24 ಗಂಟೆಯೊಳಗೆ ಬೀಳಬೇಕು. ತಾಯಿಯಲ್ಲಿ ಆ ವೈರಾಣು ಇದ್ದು ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ತಗುಲಿದರೆ ಅದು ಜೀವಮಾನದ ಸೋಂಕಾಗುವ ಸಾಧ್ಯತೆ ನೂರಕ್ಕೆ ತೊಂಬತ್ತರಷ್ಟು. ದೊಡ್ಡವರಿಗೆ ತಗುಲಿದರೆ ನೂರಕ್ಕೆ ಐದಕ್ಕಿಂತ ಕಡಿಮೆ. ಅಪ್ಪ ಊರಿಂದ ಬರಲಿ, ಆಮೇಲೆ ಮಾತಾಡೋಣ ಎನ್ನುವಷ್ಟು ಸಮಯ ಅಲ್ಲಿಲ್ಲ. ಹುಟ್ಟಿದಾಗಿನ ಪೋಲಿಯೊ ಹನಿಗೆ 15 ದಿನದ ಗಡುವು. ಬಿಸಿಜಿ ಮತ್ತು ರೋಟಾ ಲಸಿಕೆಯನ್ನು ವರ್ಷ ತುಂಬಿದ ಮೇಲೆ ಶುರು ಮಾಡುವುದಿಲ್ಲ. ದಡಾರ-ರುಬೆಲ್ಲಾ ಲಸಿಕೆಗೆ ಒಂಬತ್ತು ತಿಂಗಳು ಕಾಯುವುದಕ್ಕೂ ಕಾರಣವಿದೆ: ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ರಕ್ಷಣೆ ಅಷ್ಟು ಹೊತ್ತಿಗೆ ಕರಗಿರುತ್ತದೆ. ಅದು ಇರುವಾಗಲೇ ಚುಚ್ಚಿದರೆ ಲಸಿಕೆ ಸರಿಯಾಗಿ ನಾಟುವುದಿಲ್ಲ, ಕರಗಿದ ಮೇಲೂ ಚುಚ್ಚದಿದ್ದರೆ ಮಗು ಬರಿಮೈಯಲ್ಲಿ ನಿಂತ ಹಾಗೆ. ದೊಡ್ಡವರ ವಾದ ಎಷ್ಟು ದಿನ ಬೇಕಾದರೂ ನಡೆಯಬಹುದು. ಆ ದಿನಗಳ ಲೆಕ್ಕ ಬೀಳುವುದು ಮಗುವಿನ ಮೇಲೆ.

ದಡಾರವನ್ನೇ ತೆಗೆದುಕೊಳ್ಳಿ. ‘ಎಲ್ಲ ಮಕ್ಕಳಿಗೂ ಬರುತ್ತೆ, ಬೇವಿನಸೊಪ್ಪು ಹಾಸಿ ಮಲಗಿಸಿದರೆ ಹೋಗುತ್ತೆ’ ಎಂದು ಹಗುರವಾಗಿ ಕಾಣುವ ಕಾಯಿಲೆ ಅದು. ರಕ್ಷಣೆ ಇಲ್ಲದ ಹತ್ತು ಮಕ್ಕಳ ನಡುವೆ ದಡಾರದ ಒಂದು ಮಗು ಬಂದರೆ ಒಂಬತ್ತಕ್ಕೆ ಅಂಟುತ್ತದೆ; ಮನುಷ್ಯರಿಗೆ ಗೊತ್ತಿರುವ ಅತ್ಯಂತ ವೇಗದ ಅಂಟುರೋಗಗಳಲ್ಲಿ ಇದೊಂದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲೂ ಜಗತ್ತಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ದಡಾರದಿಂದ ಸತ್ತರು, ಅವರಲ್ಲಿ ಬಹುಪಾಲು ಐದು ವರ್ಷದೊಳಗಿನವರು. ಬದುಕುಳಿದ ಮಕ್ಕಳ ಮೈಯೂ ಮೊದಲಿನಂತಿರುವುದಿಲ್ಲ. ಬೇರೆ ರೋಗಗಳ ವಿರುದ್ಧ ದೇಹ ಕೂಡಿಟ್ಟ ರಕ್ಷಣೆಯನ್ನೂ ಈ ವೈರಾಣು ಅಳಿಸುತ್ತದೆ ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹಾಗಾಗಿಯೇ ದಡಾರ ಇಳಿದ ಮೇಲೆ ಭೇದಿ, ನ್ಯುಮೋನಿಯಾ ಕಾಡುತ್ತವೆ. ಎಲ್ಲಕ್ಕಿಂತ ಕ್ರೂರವಾದದ್ದು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಕಾಣುತ್ತ, ದಾಖಲಿಸುತ್ತ ಬಂದಿರುವ ಎಸ್‌ಎಸ್‌ಪಿಇ ಎಂಬ ಮಿದುಳಿನ ಕಾಯಿಲೆ. ಎಳವೆಯಲ್ಲಿ ದಡಾರ ಬಂದು ವಾಸಿಯಾದ ಮಗು ಏಳೆಂಟು ವರ್ಷ ಚೆನ್ನಾಗಿಯೇ ಬೆಳೆಯುತ್ತದೆ. ಆಮೇಲೆ ಒಂದು ದಿನ ಓದಿನಲ್ಲಿ ಹಿಂದೆ ಬೀಳುತ್ತದೆ, ಕೈಯಲ್ಲಿದ್ದ ಲೋಟ ಜಾರುತ್ತದೆ, ಕೂತಲ್ಲೇ ಬೆಚ್ಚಿದಂತೆ ಮೈ ಅದುರುತ್ತದೆ, ನಡಿಗೆ ತಪ್ಪುತ್ತದೆ, ಮಾತು ನಿಲ್ಲುತ್ತದೆ. ಇದಕ್ಕೆ ವಾಸಿ ಮಾಡುವ ಔಷಧಿ ಇಲ್ಲ; ಹೆಚ್ಚಿನ ಮಕ್ಕಳು ಕೆಲವೇ ವರ್ಷಗಳಲ್ಲಿ ತೀರಿಕೊಳ್ಳುತ್ತಾರೆ. ಅಪರೂಪದ ಕಾಯಿಲೆ ನಿಜ. ಆದರೆ ಎರಡು ವರ್ಷದೊಳಗೆ ದಡಾರ ಬಂದ ಮಕ್ಕಳಲ್ಲೇ ಇದರ ಅಪಾಯ ಹೆಚ್ಚು. ‘ಮುಂದ್ಕ ನೋಡ್ಮ’ ಎಂದು ಮನೆಯವರು ಕಳೆಯುವ ತಿಂಗಳುಗಳು ಅವೇ.

ಇಷ್ಟು ಹೇಳಿದ ಮೇಲೂ ಹಿಂಜರಿಯುವ ಅಪ್ಪನ ಬಾಯಲ್ಲಿ ಬರಬಹುದಾದ ಅತ್ಯಂತ ಗಟ್ಟಿ ಆಕ್ಷೇಪಕ್ಕೆ ಉತ್ತರ ಕೊಡಬೇಕು. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಹಸುಗೂಸುಗಳು ಸತ್ತವು. ಇದನ್ನು ಸುಳ್ಳು ಸುದ್ದಿ ಎಂದು ತಳ್ಳಿಹಾಕುವವರು ಜನರ ನಂಬಿಕೆಯನ್ನು ಇನ್ನಷ್ಟು ಕಳೆಯುತ್ತಾರೆ. ಲಸಿಕೆಯನ್ನು ಇಟ್ಟ, ಬಳಸಿದ ರೀತಿಯಲ್ಲಿ ಸಿಬ್ಬಂದಿಯ ನಿರ್ಲಕ್ಷ್ಯವಿತ್ತು ಎಂದು ಪ್ರಾಥಮಿಕ ತನಿಖೆ ಹೇಳಿತು, ಸಿಬ್ಬಂದಿ ಅಮಾನತಾದರು. ಆಗುವುದೇನೆಂದರೆ, ಈ ಲಸಿಕೆ ಸೀಸೆಯಲ್ಲಿ ಒಣಪುಡಿಯಾಗಿ ಬರುತ್ತದೆ. ಜೊತೆಗೆ ಬರುವ ದ್ರವವನ್ನು ಸೇರಿಸಿ ಕಲಸಿದ ಕ್ಷಣದಿಂದ ಗಡಿಯಾರ ಶುರು. ಕೆಡದಂತೆ ಕಾಯುವ ರಾಸಾಯನಿಕ ಇದರಲ್ಲಿ ಇರುವುದಿಲ್ಲ. ನಾಲ್ಕು ಗಂಟೆ ಮೀರಿದ ಸೀಸೆಯೊಳಗೆ ಬ್ಯಾಕ್ಟೀರಿಯಾ ಸೇರಿ ಬೆಳೆದರೆ ಅದರ ವಿಷ ಎಳೆಮೈಯನ್ನು ಕೆಲವೇ ಗಂಟೆಗಳಲ್ಲಿ ಕೊಲ್ಲಬಲ್ಲದು. ಹಾಗಾಗಿಯೇ ತೆರೆದ ಹೊತ್ತನ್ನು ಸೀಸೆಯ ಮೇಲೆ ಬರೆಯಬೇಕು, ಉಳಿದದ್ದನ್ನು ಮರುದಿನಕ್ಕೆ ಇಡುವಂತಿಲ್ಲ ಎಂಬ ನಿಯಮ ಇದೆ. ಸೀಸೆಯ ಮೇಲೊಂದು ಬಣ್ಣದ ವೃತ್ತ, ಅದರೊಳಗೆ ಪುಟ್ಟ ಚೌಕ ಇರುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಶಾಖ ತಾಗಿ ಕೆಟ್ಟಿಲ್ಲ ಎಂದರ್ಥ, ವೃತ್ತದಷ್ಟೇ ಕಪ್ಪಾಗಿದ್ದರೆ ಎಸೆಯಬೇಕು. ಓದು ಬಾರದವರೂ ನೋಡಿ ತಿಳಿಯಲೆಂದೇ ಇರುವ ಗುರುತು ಅದು. ರಾಮದುರ್ಗದ ಸಾವುಗಳಿಂದ ‘ಲಸಿಕೆ ಬೇಡ’ ಎಂಬ ನಿರ್ಣಯ ಹುಟ್ಟುವುದಿಲ್ಲ. ‘ಸೀಸೆ ಎಷ್ಟು ಹೊತ್ತಿಗೆ ತೆಗೆದಿರಿ, ತೋರಿಸಿ’ ಎಂದು ಕೇಳುವ ಹಕ್ಕು ಹುಟ್ಟುತ್ತದೆ. ನರ್ಸಮ್ಮನನ್ನು ಹಾಗೆ ಕೇಳಿದರೆ ಅವಮಾನವೆಂದು ಅವರೂ ತಿಳಿಯಬಾರದು, ಕೇಳುವವರೂ ಅಳುಕಬಾರದು. ಫೋನಿನ ಆ ಕಡೆ ಇರುವ ಅಪ್ಪ ಬೇಡ ಎನ್ನುವ ಬದಲು ಇದನ್ನು ಕೇಳು ಎಂದು ಹೆಂಡತಿಗೆ ಹೇಳಿದರೆ ಅವನ ಆತಂಕ ಮಗುವಿನ ಕಾವಲಿಗೆ ಬರುತ್ತದೆ.

ಎರಡನೆಯ ಆಕ್ಷೇಪ ಹಿರಿಯರದು: ನಮ್ಮ ಕಾಲದಲ್ಲಿ ಇದೆಲ್ಲಾ ಎಲ್ಲಿತ್ತು, ನಾವು ಬದುಕಿಲ್ಲವೇ? ಬದುಕಿದವರು ಮಾತ್ರ ಈ ಪ್ರಶ್ನೆ ಕೇಳಬಲ್ಲರು. 1971ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ಕ್ಕೆ ಆ ಸಂಖ್ಯೆ 28ಕ್ಕೆ ಇಳಿಯಿತು. ನೀರು, ಊಟ, ಆಸ್ಪತ್ರೆ ಹೆರಿಗೆ ಎಲ್ಲದರ ಪಾಲೂ ಅದರಲ್ಲಿದೆ, ಲಸಿಕೆಯೊಂದರ ಸಾಧನೆ ಅಂತಲ್ಲ. ಆದರೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಒಂದೊಂದು ಕೇರಿಯಿಂದಲೂ ಕೂಸುಗಳನ್ನು ಒಯ್ಯುತ್ತಿದ್ದ ದಿನಗಳನ್ನು ಮರೆಯಲು ಇಂದಿನ ತಂದೆತಾಯಿಗೆ ಸಾಧ್ಯವಾಗಿರುವುದು ಅವರ ಹೆತ್ತವರು 1985ರಿಂದೀಚೆಗೆ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ತೋಳು ಒಡ್ಡಿಸಿದ್ದರಿಂದ. ಇದರ ಜೊತೆಗೇ ಬರುವ ಇನ್ನೊಂದು ಮಾತು, ‘ಊರಿನ ಮಕ್ಕಳೆಲ್ಲ ಹಾಕಿಸಿಕೊಂಡಿದ್ದಾರಲ್ಲ, ನಮ್ಮದೊಂದು ಬಿಟ್ಟರೆ ಏನು?’ ದಡಾರ ತಡೆಯಲು ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಮೂಲ ಲಸಿಕೆಗಳನ್ನು ಪೂರ್ತಿ ಪಡೆದವರು 2015-16ರಲ್ಲಿ ಶೇ 62.6, 2019-21ರಲ್ಲಿ ಶೇ 84.1. ದೊಡ್ಡ ಏರಿಕೆ, ಆದರೂ ಒಬ್ಬರ ಬೆನ್ನಿಗೆ ಇನ್ನೊಬ್ಬರು ಅಡಗಿಕೊಳ್ಳುವಷ್ಟು ಗೋಡೆ ಇನ್ನೂ ಎದ್ದಿಲ್ಲ. ಧನುರ್ವಾಯುವಿಗಂತೂ ಊರಿನ ರಕ್ಷಣೆ ಎಂಬುದೇ ಇಲ್ಲ. ಅದರ ಬೀಜ ಮಣ್ಣಿನಲ್ಲಿ, ದನದ ಸಗಣಿಯಲ್ಲಿದೆ. ಬರಿಗಾಲಲ್ಲಿ ಕೊಟ್ಟಿಗೆ, ಹೊಲ ಸುತ್ತುವ ಮಗುವಿನ ಕಾಲಿಗೆ ಮುಳ್ಳು ಚುಚ್ಚಿದಾಗ ಊರಿನವರೆಲ್ಲ ಲಸಿಕೆ ಪಡೆದಿದ್ದರೂ ಅದಕ್ಕೆ ಉಪಯೋಗವಿಲ್ಲ.

ಕೋವಿಡ್ ಕಾಲದ ಗುಮಾನಿ ಈಗ ಹಳೆಯ ಲಸಿಕೆಗಳ ಮೇಲೂ ಹರಿದಿರುವುದನ್ನು ಬೇರೆಯಾಗಿಯೇ ನೋಡಬೇಕು. ಆರೋಗ್ಯವಂತ ಮಕ್ಕಳಿಗೆ ಕೋವಿಡ್ ಲಸಿಕೆ ಬೇಕೇ ಎಂಬ ಬಗ್ಗೆ ತಜ್ಞರಲ್ಲೇ ಭಿನ್ನಮತವಿತ್ತು. ಬ್ರಿಟನ್ನಿನ ಲಸಿಕಾ ಸಲಹಾ ಸಮಿತಿ 2021ರ ಸೆಪ್ಟೆಂಬರಿನಲ್ಲಿ 12ರಿಂದ 15ರ ಆರೋಗ್ಯವಂತ ಮಕ್ಕಳ ವಿಷಯದಲ್ಲಿ, ಆರೋಗ್ಯದ ಲಾಭವೊಂದನ್ನೇ ನೋಡಿ ಎಲ್ಲರಿಗೂ ಶಿಫಾರಸು ಮಾಡಲಾರೆವು ಎಂದಿತ್ತು. ಆ ವಿಷಯದಲ್ಲಿ ಗಂಡಹೆಂಡತಿ ಬೇರೆ ಬೇರೆ ಯೋಚಿಸಿದ್ದರೆ ಇಬ್ಬರ ಮಾತಿಗೂ ಆಧಾರವಿತ್ತು ಎಂದೇ ನಾನು ಹೇಳುತ್ತೇನೆ. ದಡಾರ, ಪೋಲಿಯೊ, ಗಂಟಲಮಾರಿಯ ಲಸಿಕೆಗಳ ಸ್ಥಿತಿ ಹಾಗಿಲ್ಲ. ಅವುಗಳ ಹಿಂದೆ ಕೋಟ್ಯಂತರ ಮಕ್ಕಳ ದಶಕಗಳ ದಾಖಲೆ ಇದೆ. ದಡಾರದ ಲಸಿಕೆಯಿಂದ ಆಟಿಸಂ ಬರುತ್ತದೆಂಬ ವದಂತಿಯ ಮೂಲ 1998ರಲ್ಲಿ ಹನ್ನೆರಡು ಮಕ್ಕಳ ಮೇಲೆ ಬರೆದ ಒಂದು ಪ್ರಬಂಧ. ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. 2019ರಲ್ಲಿ ಡೆನ್ಮಾರ್ಕಿನ 6,57,461 ಮಕ್ಕಳ ದಾಖಲೆ ಪರಿಶೀಲಿಸಿದವರಿಗೆ ಅಂಥ ಸಂಬಂಧದ ಸುಳಿವೂ ಸಿಗಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಹನ್ನೆರಡರ ಕಥೆ ಇನ್ನೂ ಓಡುತ್ತಿದೆ, ಆರೂವರೆ ಲಕ್ಷದ್ದು ಓಡುವುದಿಲ್ಲ.

ಸಾಕ್ಷ್ಯ ಇದ್ದಮಾತ್ರಕ್ಕೆ ಮನೆ ಒಪ್ಪುವುದಿಲ್ಲ ಎಂಬುದು ಮೈಸೂರು ಸೀಮೆಗೆ ಇನ್ನೂರು ವರ್ಷದ ಹಿಂದೆಯೇ ಗೊತ್ತಿತ್ತು. ಸಿಡುಬಿನ ಲಸಿಕೆ ಭಾರತದಲ್ಲಿ ಮೊದಲು ನಾಟಿದ್ದು 1802ರ ಜೂನ್ 14ರಂದು, ಬೊಂಬಾಯಿಯಲ್ಲಿ, ಮೂರು ವರ್ಷದ ಹುಡುಗಿಯ ತೋಳಿನಲ್ಲಿ. ಅದಾದ ಮೂರು ವರ್ಷಕ್ಕೆ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರ ಬರೆದ. ಬಲಗಡೆಯ ಕಿರಿಯ ರಾಣಿ ಸೀರೆಯ ಸೆರಗನ್ನು ಸರಿಸಿ ಎಡತೋಳನ್ನು ತೋರಿಸುತ್ತಿದ್ದಾಳೆ. ಎಡಗಡೆಯವಳ ಮೂಗು-ಬಾಯಿಯ ಸುತ್ತ ಚರ್ಮದ ಬಣ್ಣ ಬದಲಾಗಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಇಬ್ಬರು ರಾಣಿಯರಲ್ಲಿ ಒಬ್ಬಳಿಗೆ ಹೊಸ ಲಸಿಕೆ, ಇನ್ನೊಬ್ಬಳಿಗೆ ಸಿಡುಬಿನ ಹುಡಿಯನ್ನು ಮೂಗಿಗೆ ಏರಿಸುವ ಹಳೆಯ ಕ್ರಮ ಆಗಿತ್ತೆಂದೂ, ನಡುವೆ ನಿಂತವರು ರಾಜನ ಅಜ್ಜಿ ಲಕ್ಷ್ಮಮ್ಮಣ್ಣಿಯವರೆಂದೂ, ಚಿತ್ರವನ್ನು ಬರೆಸಿದ್ದೇ ಲಸಿಕೆಯ ಪ್ರಚಾರಕ್ಕೆಂದೂ ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ವಾದ ಸರಿಯಿದ್ದರೆ ಆ ಚಿತ್ರ ಹೇಳುವ ಸಂಗತಿ ಇಂದಿಗೂ ಕೆಲಸದ್ದು: ಒಂದೇ ಮನೆಯಲ್ಲಿ ಎರಡು ಮತವಿದ್ದಾಗ ಒಪ್ಪಿಗೆ ಹುಟ್ಟುವುದು ಅಜ್ಜಿ ನಿಂತ ಕಡೆ. ಲಸಿಕೆಯ ಮಾತುಕತೆಗೆ ಗಂಡಹೆಂಡತಿಯನ್ನು ಮಾತ್ರ ಕರೆದು ಅತ್ತೆಯನ್ನು ಬಾಗಿಲಾಚೆ ನಿಲ್ಲಿಸುವುದು ಅವಿವೇಕ.

ಇನ್ನು ಕಾನೂನು. ಬಲವಂತ ಮಾಡಬಾರದೆಂದು ನಾನೂ ಒಪ್ಪುತ್ತೇನೆ. ಶಾಲೆಗಳಲ್ಲಿ ಹೆತ್ತವರ ಒಪ್ಪಿಗೆ ಇಲ್ಲದೆ ದಡಾರ-ರುಬೆಲ್ಲಾ ಲಸಿಕೆ ಹಾಕುವಂತಿಲ್ಲ ಎಂದು ದೆಹಲಿ ಹೈಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಯಾರಿಗೂ ಬಲವಂತದಿಂದ ಲಸಿಕೆ ಚುಚ್ಚುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಹೇಳಿತು. ಆದರೆ ಹೆತ್ತವರ ಒಪ್ಪಿಗೆ ಎಂದರೆ ಅಪ್ಪನ ಒಪ್ಪಿಗೆಯೇ? 1956ರ ಹಿಂದೂ ಪೋಷಕತ್ವ ಕಾಯ್ದೆ ತಂದೆಯನ್ನು ಮೊದಲು ಹೆಸರಿಸುತ್ತದೆ ನಿಜ. ಅದೇ ಕಲಮು ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಸುಪರ್ದಿನಲ್ಲಿರಬೇಕು ಎನ್ನುತ್ತದೆ, ಮತ್ತು ಹೆಚ್ಚಿನ ಲಸಿಕೆಗಳು ಬೀಳುವುದು ಆ ಐದು ವರ್ಷದೊಳಗೇ. ತಂದೆ ಮಗುವಿನ ಹೊಣೆಯಿಂದ ದೂರವಿದ್ದಾಗ ಅವನು ಬದುಕಿರುವಾಗಲೇ ತಾಯಿ ಸಹಜ ಪೋಷಕಿಯಾಗಬಲ್ಲಳು ಎಂದು ಗೀತಾ ಹರಿಹರನ್ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್ ವಿವರಿಸಿತು. ಎಲ್ಲಕ್ಕೂ ಮೇಲೆ ಮಗುವಿನ ಹಿತ ಎಂದು ಆ ಕಾಯ್ದೆಯ 13ನೇ ಕಲಮು ಹೇಳುತ್ತದೆ. ಜರ್ಮನಿಯಲ್ಲಿ ಬೇರೆಯಾಗಿ ಬಾಳುತ್ತಿದ್ದ ತಂದೆತಾಯಿ ಇದೇ ಪ್ರಶ್ನೆ ಹಿಡಿದು ಅಲ್ಲಿನ ಪರಮೋಚ್ಚ ಸಿವಿಲ್ ನ್ಯಾಯಾಲಯದವರೆಗೆ ಹೋದರು. ಅಲ್ಲಿ ಬೇಕು ಎಂದವನು ಅಪ್ಪ, ಬೇಡ ಎಂದವಳು ಅಮ್ಮ. ಮಗುವಿಗೆ ವಿಶೇಷ ಅಪಾಯವೇನೂ ಇಲ್ಲದಿದ್ದ ಮೇಲೆ, ಅಧಿಕೃತ ಲಸಿಕಾ ಆಯೋಗದ ಶಿಫಾರಸಿನಂತೆ ನಡೆಯಲು ಸಿದ್ಧನಿದ್ದ ತಂದೆಗೇ 2017ರ ಮೇನಲ್ಲಿ ನ್ಯಾಯಾಲಯ ನಿರ್ಧಾರ ಒಪ್ಪಿಸಿತು. ಯಾರು ಅಪ್ಪ ಯಾರು ಅಮ್ಮ ಎಂಬುದಕ್ಕಿಂತ ಯಾರ ಮಾತಿಗೆ ಆಧಾರವಿದೆ ಎಂಬುದೇ ಅಲ್ಲಿ ತೂಗಿತು. ಆ ಅಳತೆ ಇಲ್ಲಿಗೂ ಸಾಕು: ಮಗುವಿಗೆ ಹಿಂದಿನ ಡೋಸ್‌ನಿಂದ ತೀವ್ರ ಅಲರ್ಜಿ ಆಗಿದ್ದರೆ, ರೋಗನಿರೋಧಕ ಶಕ್ತಿಯ ತೊಂದರೆ ಇದ್ದರೆ, ಬೇಡ ಎಂದವರ ಮಾತು ಗೆಲ್ಲಲಿ, ವೈದ್ಯರೂ ಅದನ್ನೇ ಹೇಳುತ್ತಾರೆ. ಅಂಥದ್ದೇನೂ ಇಲ್ಲದೆ ಬರೀ ಹೆದರಿಕೆ ಇದ್ದರೆ, ಮಗುವನ್ನು ಎತ್ತಿಕೊಂಡು ಬಂದ ತಾಯಿಯ ಒಪ್ಪಿಗೆ ಸಾಕಾಗಬೇಕು.

ಹೆದರಿಕೆ ಕಡಿಮೆ ಮಾಡುವ ಕೆಲಸ ಸರ್ಕಾರದ್ದು. ಲಸಿಕೆ ಬಿದ್ದ ಮೇಲೆ ಅರ್ಧ ಗಂಟೆ ಮಗುವನ್ನು ಅಲ್ಲೇ ಕೂರಿಸಿಕೊಳ್ಳಬೇಕೆಂಬ ನಿಯಮ ಪ್ರತಿ ಗುರುವಾರವೂ ನಡೆಯಬೇಕು. ಜ್ವರ ಬಂದರೆ ಏನು ಕೊಡಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ಹೇಳಿ ಕಳಿಸಬೇಕು; ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆ ಚುಚ್ಚಿದ ರಾತ್ರಿ ಮೈ ಬಿಸಿಯಾಗಿ ಮಗು ಅಳುವಾಗ ತಾಯಿಯ ಮೇಲೆ ಮನೆಯವರೆಲ್ಲ ಹರಿಹಾಯುತ್ತಾರೆ, ಮುಂದಿನ ಡೋಸ್ ತಪ್ಪುವುದು ಆ ರಾತ್ರಿಯಿಂದಲೇ. ಇಂಡಿಗನತ್ತ, ಮೆದಗಣಾಣೆಯಂಥ ಕಾಡಿನೊಳಗಿನ ಊರುಗಳಿಂದ ಬರುವವರಿಗೆ ಒಂದು ವಾರ ತಪ್ಪಿದರೆ ತಿಂಗಳೇ ತಪ್ಪುವುದುಂಟು. ಕುಟುಂಬ ಸಮೇತ ಕೂಲಿಗೆ ಹೊರಟವರು ತಾಯಿ ಕಾರ್ಡನ್ನು ಜೊತೆಗೇ ಒಯ್ದರೆ ದೇಶದ ಯಾವ ಸರ್ಕಾರಿ ಆಸ್ಪತ್ರೆಯಲ್ಲೂ ಮುಂದಿನ ಡೋಸ್ ಉಚಿತವಾಗಿ ಸಿಗುತ್ತದೆ, ಮೊದಲಿನಿಂದ ಶುರು ಮಾಡಬೇಕಿಲ್ಲ. ವಾದದಲ್ಲೇ ತಿಂಗಳು ಕಳೆದ ಮನೆಗಳಿಗೂ ಬಾಗಿಲು ಮುಚ್ಚಿಲ್ಲ: ದಡಾರ-ರುಬೆಲ್ಲಾ ಲಸಿಕೆಯನ್ನು ಐದು ವರ್ಷದವರೆಗೆ, ಗಂಟಲಮಾರಿ-ನಾಯಿಕೆಮ್ಮು-ಧನುರ್ವಾಯುವಿನ ಡಿಪಿಟಿಯನ್ನು ಏಳು ವರ್ಷದವರೆಗೆ ಹಾಕುತ್ತಾರೆ.