ಸೌರಕಲೆಗಳ ವೀಕ್ಷಣೆ ಮತ್ತು ಛಾಯಾಚಿತ್ರಣ: ಹವ್ಯಾಸಿ ಖಗೋಳ ವೀಕ್ಷಕರಿಗೆ ಮಾಹಿತಿ

ಪೀಠಿಕೆ

ಸೂರ್ಯನ ಬಿಂಬದ ಮೇಲೆ ಕಾಲಕಾಲಕ್ಕೆ ಕಾಣಿಸಿಕೊಂಡು ಮರೆಯಾಗುವ ಕಪ್ಪು ಚುಕ್ಕೆಗಳಿಗೆ ಸೌರಕಲೆಗಳೆಂದು ಹೆಸರು. ಇವುಗಳ ವೀಕ್ಷಣೆಗೆ ಕಗ್ಗತ್ತಲೆಯ ಆಕಾಶವಾಗಲಿ, ದುಬಾರಿ ಉಪಕರಣವಾಗಲಿ, ರಾತ್ರಿಯ ನಿದ್ದೆಗೆಡುವುದಾಗಲಿ ಅವಶ್ಯವಿಲ್ಲ. ಬೆಳಗಿನ ಅರ್ಧ ಗಂಟೆಯ ಅವಧಿ, ಒಂದು ಚಿಕ್ಕ ದೂರದರ್ಶಕ ಮತ್ತು ಒಂದು ನೋಟ್‌ಪುಸ್ತಕ ಇದ್ದಲ್ಲಿ ಸಾಕಾಗುತ್ತದೆ. ಮಳೆ ಕಡಿಮೆ ಬೀಳುವ ವಿಜಯಪುರ ಜಿಲ್ಲೆಯಲ್ಲಿ ಮೋಡವಿಲ್ಲದ ದಿನಗಳು ಹೆಚ್ಚಾಗಿರುವುದರಿಂದ, ಇಂಡಿ ತಾಲ್ಲೂಕಿನ ಭೀಮಾತೀರದ ಅಗರಖೇಡದಂತಹ ಗ್ರಾಮದ ಶಾಲೆಯ ಅಂಗಳದಿಂದಲೂ ಈ ಕಾರ್ಯವನ್ನು ವರ್ಷದ ಬಹುಭಾಗ ಕೈಗೊಳ್ಳಬಹುದಾಗಿದೆ.

ಈ ಹವ್ಯಾಸದಲ್ಲಿ ಎರಡು ಅಂಶಗಳು ಮುಖ್ಯವಾದವು. ಮೊದಲನೆಯದು ಕಣ್ಣಿನ ಸುರಕ್ಷತೆ. ಇದರಲ್ಲಿ ಯಾವುದೇ ರಿಯಾಯಿತಿ ಇಲ್ಲ. ಎರಡನೆಯದು ಕ್ರಮಬದ್ಧವಾದ ದಾಖಲೆ. ಇದು ಇಲ್ಲದಿದ್ದಲ್ಲಿ ಎಷ್ಟೇ ಸುಂದರವಾದ ಛಾಯಾಚಿತ್ರವೂ ಕೇವಲ ಚಿತ್ರವಾಗಿ ಉಳಿಯುತ್ತದೆ.

ಸೌರಕಲೆ ಎಂದರೇನು?

ಕಣ್ಣಿಗೆ ಕಾಣುವ ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಕೆಲವೆಡೆ ಪ್ರಬಲವಾದ ಕಾಂತಕ್ಷೇತ್ರವು ಒಳಗಿನಿಂದ ಮೇಲೇರುವ ಶಾಖವನ್ನು ತಡೆಯುವುದರಿಂದ ಆ ಭಾಗದ ಉಷ್ಣತೆ ಸುಮಾರು 4,000 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಸುತ್ತಲಿನ ಪ್ರಖರ ಬೆಳಕಿನ ಎದುರಿನಲ್ಲಿ ಆ ಭಾಗವು ಕಪ್ಪಾಗಿ ತೋರುತ್ತದೆಯೇ ಹೊರತು ನಿಜವಾಗಿ ಕಪ್ಪಲ್ಲ. ಸೌರಕಲೆಗಳಲ್ಲಿ ಕಾಂತಕ್ಷೇತ್ರವಿರುವುದನ್ನು 1908ರಲ್ಲಿ ಅಮೆರಿಕದ ಜಾರ್ಜ್ ಎಲರಿ ಹೇಲ್ ಅವರು ಸಾಬೀತುಪಡಿಸಿದರು.

ದೊಡ್ಡ ಕಲೆಯಲ್ಲಿ ನಡುವಿನ ಕಡುಗಪ್ಪು ಭಾಗವನ್ನೂ ಅದರ ಸುತ್ತಲಿನ ಬೂದುಬಣ್ಣದ ಅರೆಛಾಯೆಯನ್ನೂ ಸ್ಪಷ್ಟವಾಗಿ ಗುರುತಿಸಬಹುದು. ಕಲೆಗಳು ಸಾಮಾನ್ಯವಾಗಿ ಗುಂಪುಗಳಲ್ಲಿ ಮೂಡುತ್ತವೆ. ಕೆಲವು ಗಂಟೆಗಳಲ್ಲಿ ಅಳಿಯುವ ಚುಕ್ಕೆಗಳೂ ಇವೆ; ತಿಂಗಳಿಗೂ ಮೀರಿ ಉಳಿಯುವ ಗುಂಪುಗಳೂ ಇವೆ. ಸೂರ್ಯನು ತನ್ನ ಅಕ್ಷದ ಮೇಲೆ ತಿರುಗುವುದರಿಂದ ಒಂದು ಕಲೆಯು ಪೂರ್ವದ ಅಂಚಿನಲ್ಲಿ ಕಾಣಿಸಿಕೊಂಡು ಸುಮಾರು 13 ದಿನಗಳಲ್ಲಿ ಪಶ್ಚಿಮದ ಅಂಚಿನಲ್ಲಿ ಮರೆಯಾಗುತ್ತದೆ.

ಕಲೆಗಳ ಸಂಖ್ಯೆಯು ಸರಾಸರಿ 11 ವರ್ಷಗಳ ಆವರ್ತದಲ್ಲಿ ಏರಿ ಇಳಿಯುತ್ತದೆ. 25ನೆಯ ಸೌರಚಕ್ರವು 2019ರ ಡಿಸೆಂಬರ್‌ನಲ್ಲಿ ಆರಂಭಗೊಂಡು 2024ರ ಅಕ್ಟೋಬರ್‌ನಲ್ಲಿ ಗರಿಷ್ಠ ಮಟ್ಟವನ್ನು ತಲುಪಿತು. 2024ರ ಮೇ ತಿಂಗಳಲ್ಲಿ ಕಾಣಿಸಿಕೊಂಡ ಬೃಹತ್ ಗುಂಪೊಂದನ್ನು ಗ್ರಹಣ ಕನ್ನಡಕದ ಮೂಲಕ, ದೂರದರ್ಶಕವಿಲ್ಲದೆಯೇ ನೋಡಬಹುದಾಗಿತ್ತು. ಆ ಗುಂಪಿನಿಂದ ಹೊಮ್ಮಿದ ಸ್ಫೋಟಗಳ ಪರಿಣಾಮವಾಗಿ ಮೇ 10 ಮತ್ತು 11ರಂದು ಪ್ರಬಲ ಭೂಕಾಂತೀಯ ಬಿರುಗಾಳಿ ಉಂಟಾಗಿ, ಲಡಾಖಿನ ಹಾನ್ಲೆಯಲ್ಲಿಯೂ ಆಕಾಶದಲ್ಲಿ ಕೆಂಪು ಧ್ರುವಪ್ರಭೆ ದಾಖಲಾಯಿತು. ಉಪಗ್ರಹಗಳು, ವಿದ್ಯುತ್ ಜಾಲಗಳು ಮತ್ತು ರೇಡಿಯೋ ಸಂಪರ್ಕದ ಮೇಲೆ ಇಂತಹ ಬಿರುಗಾಳಿಗಳು ಪರಿಣಾಮ ಬೀರುವುದರಿಂದ ಸೌರಕಲೆಗಳ ಅಧ್ಯಯನಕ್ಕೆ ಪ್ರಾಯೋಗಿಕ ಮಹತ್ವವಿದೆ.

ಈ ಭಾಗದಲ್ಲಿ ಮತ್ತು ದಕ್ಷಿಣ ಭಾರತದಲ್ಲಿ ಸೂರ್ಯನ ಅಧ್ಯಯನ

ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಸೂರ್ಯಬಿಂಬದ ಮೇಲೆ ಕಾಣುವ ‘ತಾಮಸ ಕೀಲಕ’ಗಳ ಉಲ್ಲೇಖವಿದ್ದು, ಅವು ಸೌರಕಲೆಗಳಿರಬಹುದೆಂದು ಕೆಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಅಲ್ಲಿ ಅವುಗಳ ಆಕಾರ ಮತ್ತು ಫಲಾಫಲಗಳ ವಿವರಣೆ ಇದೆಯಾದರೂ, ಯಾವ ದಿನ ಎಷ್ಟು ಕಂಡವೆಂಬ ಲೆಕ್ಕವಿಲ್ಲ.

1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ಪಥವು ಈ ಪ್ರದೇಶದ ಮೂಲಕ ಹಾದುಹೋಯಿತು. ಮುಂದೆ ಅವಿಭಜಿತ ಬಿಜಾಪುರ ಜಿಲ್ಲೆಗೆ ಸೇರಿ, ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅವರು ಬೀಡುಬಿಟ್ಟು, ಮೋಡಗಳ ನಡುವೆಯೂ ಸೂರ್ಯನ ಅಂಚಿನ ಜ್ವಾಲೆಗಳ ವರ್ಣಪಟಲವನ್ನು ಪರಿಶೀಲಿಸಿದರು. ಪ್ರಕಾಶಮಾನವಾದ ಬಿಡಿ ರೇಖೆಗಳು ಕಂಡುಬಂದುದರಿಂದ ಆ ಜ್ವಾಲೆಗಳು ಬಿಸಿ ಅನಿಲದಿಂದ ಕೂಡಿವೆ ಎಂಬುದು ತಿಳಿದುಬಂದಿತು. 1980ರ ಫೆಬ್ರವರಿ 16ರಂದು ಮತ್ತೊಂದು ಪೂರ್ಣಗ್ರಹಣವು ಕಾರವಾರ, ಹುಬ್ಬಳ್ಳಿ, ರಾಯಚೂರು ಮಾರ್ಗವಾಗಿ ಸಾಗಿತು.

ಗ್ರಹಣಗಳು ಅಪರೂಪ, ಆದರೆ ಸೂರ್ಯನು ಪ್ರತಿದಿನವೂ ಉದಯಿಸುತ್ತಾನೆ. ಈ ನಿತ್ಯದ ಲೆಕ್ಕವನ್ನು ಇಟ್ಟುಕೊಂಡು ಬಂದ ಸಂಸ್ಥೆಗಳಲ್ಲಿ ತಮಿಳುನಾಡಿನ ಕೊಡೈಕನಾಲ್ ಸೌರ ವೀಕ್ಷಣಾಲಯ ಪ್ರಮುಖವಾದುದು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಅಧೀನದಲ್ಲಿರುವ ಈ ವೀಕ್ಷಣಾಲಯದಲ್ಲಿ 1904ರಿಂದ ಒಂದು ಶತಮಾನಕ್ಕೂ ಹೆಚ್ಚು ಕಾಲ ಸೂರ್ಯಬಿಂಬದ ಛಾಯಾಚಿತ್ರಗಳನ್ನು ಕ್ರಮವಾಗಿ ತೆಗೆಯಲಾಗಿದ್ದು, ಅವುಗಳನ್ನು ಗಣಕೀಕರಣಗೊಳಿಸಲಾಗಿದೆ. ಸೌರಕಲೆಯ ಅರೆಛಾಯೆಯಲ್ಲಿ ಅನಿಲವು ಹೊರಮುಖವಾಗಿ ಹರಿಯುವುದನ್ನು 1909ರ ಜನವರಿಯಲ್ಲಿ ಜಾನ್ ಎವರ್ಶೆಡ್ ಅವರು ಇಲ್ಲಿಯೇ ಕಂಡುಹಿಡಿದರು. 2023ರ ಸೆಪ್ಟೆಂಬರ್ 2ರಂದು ಉಡಾವಣೆಗೊಂಡ ಆದಿತ್ಯ-ಎಲ್1 ನೌಕೆಯ ಪ್ರಮುಖ ಉಪಕರಣವನ್ನು ಸಿದ್ಧಪಡಿಸಿದ್ದೂ ಇದೇ ಸಂಸ್ಥೆ.

ಕಣ್ಣಿನ ಸುರಕ್ಷತೆ: ಕಡ್ಡಾಯ ಮುನ್ನೆಚ್ಚರಿಕೆಗಳು

ಕಣ್ಣಿನ ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಸೂರ್ಯನ ಬೆಳಕಿನಿಂದ ಅದು ಸುಟ್ಟರೂ ಆ ಕ್ಷಣದಲ್ಲಿ ತಿಳಿಯುವುದಿಲ್ಲ. ದೃಷ್ಟಿ ಮಂಜಾಗುವುದು ಗಂಟೆಗಳ ನಂತರ. ಈ ಹಾನಿಯು ಶಾಶ್ವತವಾಗಿ ಉಳಿಯಬಹುದು. ಆದ್ದರಿಂದ ಕೆಳಕಂಡ ಅಂಶಗಳನ್ನು ತಪ್ಪದೆ ಪಾಲಿಸತಕ್ಕದ್ದು.

1. ದೂರದರ್ಶಕ, ಬೈನಾಕ್ಯುಲರ್ ಅಥವಾ ಕ್ಯಾಮೆರಾ ಮಸೂರದ ಮೂಲಕ ನೇರವಾಗಿ ಸೂರ್ಯನನ್ನು ಕ್ಷಣಮಾತ್ರವೂ ನೋಡಬಾರದು.
2. ಮಸಿ ಹಿಡಿಸಿದ ಗಾಜು, ಎಕ್ಸ್-ರೇ ಹಾಳೆ, ಸಿ.ಡಿ., ತಂಪು ಕನ್ನಡಕ ಇವುಗಳನ್ನು ಬಳಸಬಾರದು. ಇವು ಬೆಳಕನ್ನು ಮಂದಗೊಳಿಸಿದರೂ ಕಾಣದ ಅವಕೆಂಪು ಕಿರಣಗಳನ್ನು ಒಳಬಿಡಬಹುದು.
3. ತಟ್ಟೆಯಲ್ಲಿ ಅರಿಶಿನ ಅಥವಾ ಸಗಣಿ ಕದಡಿದ ನೀರಿಟ್ಟು ಪ್ರತಿಬಿಂಬ ನೋಡುವ ರೂಢಿ ಗ್ರಾಮಗಳಲ್ಲಿದೆ. ನೀರಿನ ಮೇಲ್ಮೈಯು ಬೆಳಕಿನ ಕನಿಷ್ಠ ನೂರರಲ್ಲಿ ಎರಡು ಪಾಲನ್ನು ಹಿಂದಿರುಗಿಸುತ್ತದೆ. ಸುರಕ್ಷಿತ ಫಿಲ್ಟರ್ ಒಳಬಿಡುವುದು ಲಕ್ಷದಲ್ಲಿ ಒಂದು ಪಾಲನ್ನು ಮಾತ್ರ. ಅಂದರೆ ತಟ್ಟೆಯ ನೀರಿನಿಂದ ಬರುವ ಬೆಳಕು ಅದರ 2,000 ಪಟ್ಟು. ಈ ರೂಢಿಯು ಸುರಕ್ಷಿತವಲ್ಲ.
4. ಬರಿಗಣ್ಣಿಗೆ ಐಎಸ್‌ಒ 12312-2 ಮಾನದಂಡದ ಗ್ರಹಣ ಕನ್ನಡಕವನ್ನು ಮಾತ್ರ ಬಳಸಬೇಕು. ಇದನ್ನು ಧರಿಸಿಕೊಂಡು ದೂರದರ್ಶಕದೊಳಗೆ ನೋಡಬಾರದು.
5. ಕೆಲವು ಅಗ್ಗದ ದೂರದರ್ಶಕಗಳೊಂದಿಗೆ ಬರುವ, ನೇತ್ರಮಸೂರಕ್ಕೆ ತಿರುಪಿ ಹಾಕುವ ಸೌರ ಫಿಲ್ಟರ್ ಅತ್ಯಂತ ಅಪಾಯಕಾರಿ. ಕೇಂದ್ರೀಕೃತ ಶಾಖಕ್ಕೆ ಅದು ಹಠಾತ್ತನೆ ಸೀಳುತ್ತದೆ. ಅಂತಹುದನ್ನು ಬಳಸದೆ ನಾಶಪಡಿಸುವುದು ಸೂಕ್ತ.

ವೀಕ್ಷಣೆಯ ವಿಧಾನಗಳು

*ಪ್ರಕ್ಷೇಪಣ ವಿಧಾನ:* ದೂರದರ್ಶಕದಿಂದ ಹೊರಬರುವ ಸೂರ್ಯಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸಿ ನೋಡುವುದೇ ಈ ವಿಧಾನ. ಒಂದೇ ಬಾರಿಗೆ ಹತ್ತಾರು ವಿದ್ಯಾರ್ಥಿಗಳು ನೋಡಬಹುದಾದ್ದರಿಂದ ಶಾಲೆಗಳಿಗೆ ಉಪಯುಕ್ತ. 50ರಿಂದ 60 ಮಿ.ಮೀ. ವ್ಯಾಸದ, ಮಸೂರವುಳ್ಳ ಸಾಧಾರಣ ದೂರದರ್ಶಕ ಸಾಕು. ಇದಕ್ಕಿಂತ ದೊಡ್ಡದಿದ್ದಲ್ಲಿ ಮುಂಭಾಗಕ್ಕೆ 50 ಮಿ.ಮೀ. ರಂಧ್ರವಿರುವ ರಟ್ಟನ್ನು ಮುಚ್ಚಬೇಕು. ಕನ್ನಡಿ ಮತ್ತು ಮಸೂರ ಎರಡೂ ಇರುವ ಗಿಡ್ಡ ಕೊಳವೆಯ ದೂರದರ್ಶಕಗಳನ್ನು ಈ ವಿಧಾನಕ್ಕೆ ಬಳಸಬಾರದು. ಒಳಭಾಗಗಳು ಶಾಖದಿಂದ ಹಾಳಾಗುತ್ತವೆ. ಪ್ಲಾಸ್ಟಿಕ್ ನೇತ್ರಮಸೂರವೂ ಕರಗುತ್ತದೆ. ಮೇಲಿರುವ ಚಿಕ್ಕ ಫೈಂಡರ್ ಅನ್ನು ಮುಚ್ಚಿರಬೇಕು. ಕೊಳವೆಯ ನೆರಳು ನೆಲದ ಮೇಲೆ ಅತಿ ಚಿಕ್ಕದಾಗಿ ಕಂಡಾಗ ದೂರದರ್ಶಕವು ಸೂರ್ಯನ ಕಡೆಗೆ ತಿರುಗಿದೆ ಎಂದು ತಿಳಿಯಬೇಕು. ವೀಕ್ಷಣೆ ಮುಗಿಯುವವರೆಗೆ ಉಪಕರಣದ ಬಳಿ ಒಬ್ಬರು ಇರಲೇಬೇಕು. ಕುತೂಹಲದಿಂದ ಮಗುವೊಂದು ಕಣ್ಣಿಟ್ಟರೆ ಅನಾಹುತವಾಗುತ್ತದೆ.

ಕಾಗದದ ಮೇಲೆ ಮೊದಲೇ 15 ಸೆಂ.ಮೀ. ವ್ಯಾಸದ ವೃತ್ತವನ್ನು ಬರೆದಿಟ್ಟುಕೊಂಡು ಬಿಂಬವನ್ನು ಅದಕ್ಕೆ ಸರಿಹೊಂದಿಸಬೇಕು. ಸೂರ್ಯನ ವ್ಯಾಸ ಸುಮಾರು 13.9 ಲಕ್ಷ ಕಿ.ಮೀ. ಆಗಿರುವುದರಿಂದ ಈ ವೃತ್ತದಲ್ಲಿ ಭೂಮಿಯ ಗಾತ್ರ 1.4 ಮಿ.ಮೀ. ಚುಕ್ಕೆಯಷ್ಟಾಗುತ್ತದೆ. ಅಂತಹ ಚುಕ್ಕೆಯೊಂದನ್ನು ವೃತ್ತದ ಹೊರಗೆ ಬರೆದಿಟ್ಟಲ್ಲಿ, ಕಲೆಗಳ ಗಾತ್ರವನ್ನು ಭೂಮಿಯೊಂದಿಗೆ ಹೋಲಿಸುವುದು ವಿದ್ಯಾರ್ಥಿಗಳಿಗೆ ಸುಲಭವಾಗುತ್ತದೆ.

*ಫಿಲ್ಟರ್ ವಿಧಾನ:* ದೂರದರ್ಶಕದ ಮುಂಭಾಗವನ್ನು ಪೂರ್ಣವಾಗಿ ಮುಚ್ಚುವ, ನೇರ ವೀಕ್ಷಣೆಗೆಂದೇ ತಯಾರಿಸಿದ ಲೋಹಲೇಪಿತ ಹಾಳೆ ಅಥವಾ ಗಾಜಿನ ಫಿಲ್ಟರ್ ಬಳಸಬಹುದು. ಇದರ ಸಾಂದ್ರತೆ 5 ಇರಬೇಕು. 3.8 ಸಾಂದ್ರತೆಯ ಹಾಳೆಯು ಛಾಯಾಚಿತ್ರಣಕ್ಕೆ ಮಾತ್ರ. ಅದರ ಮೂಲಕ ಕಣ್ಣಿಟ್ಟು ನೋಡಬಾರದು. ಪ್ರತಿ ಬಾರಿಯೂ ಫಿಲ್ಟರ್ ಅನ್ನು ಬೆಳಕಿಗೆ ಹಿಡಿದು ಸೂಜಿಮೊನೆಯಷ್ಟು ರಂಧ್ರವೂ ಇಲ್ಲವೆಂದು ಖಚಿತಪಡಿಸಿಕೊಂಡು, ಗಾಳಿಗೆ ಹಾರದಂತೆ ಭದ್ರವಾಗಿ ಕಟ್ಟಬೇಕು.

ಸ್ಥಳ ಮತ್ತು ಸಮಯ

ಸೂರ್ಯೋದಯದ ನಂತರ ಒಂದರಿಂದ ಎರಡೂವರೆ ಗಂಟೆಯವರೆಗಿನ ಅವಧಿ ಉತ್ತಮ. ಹೊತ್ತೇರಿದಂತೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯು ಬಿಂಬವನ್ನು ಅಲುಗಾಡಿಸುತ್ತದೆ. ಈ ಕಾರಣದಿಂದ ಮಾಳಿಗೆ, ಕಲ್ಲುಹಾಸು ಮತ್ತು ಡಾಂಬರು ರಸ್ತೆಗಿಂತ ಹುಲ್ಲು ಅಥವಾ ಬೆಳೆ ಇರುವ ನೆಲ ಸೂಕ್ತ. ನೀರಿನ ಮೇಲಿನ ಗಾಳಿಯು ಹೆಚ್ಚು ಶಾಂತವಾಗಿರುತ್ತದೆ. ಉದಯಪುರದ ಸೌರ ವೀಕ್ಷಣಾಲಯವನ್ನು ಫತೇಸಾಗರ ಸರೋವರದ ನಡುಗಡ್ಡೆಯಲ್ಲಿ ಸ್ಥಾಪಿಸಿರುವುದು ಇದೇ ಕಾರಣಕ್ಕಾಗಿ. ನದಿತೀರದ ಗ್ರಾಮಗಳವರು ಈ ಅನುಕೂಲವನ್ನು ಪರೀಕ್ಷಿಸಿ ನೋಡಬಹುದು.

ಛಾಯಾಚಿತ್ರಣ

ಅತ್ಯಂತ ಸರಳವಾದ ಕ್ರಮವೆಂದರೆ ಕಾಗದದ ಮೇಲೆ ಬಿದ್ದ ಬಿಂಬವನ್ನು ಮೊಬೈಲ್ ಫೋನಿನಿಂದ ಪಕ್ಕದಿಂದ ತೆಗೆಯುವುದು. ಮುಂಭಾಗದಲ್ಲಿ ಫಿಲ್ಟರ್ ಇರುವ ದೂರದರ್ಶಕದ ನೇತ್ರಮಸೂರಕ್ಕೆ ಫೋನನ್ನು ಹಿಡಿಕೆಯ ಮೂಲಕ ಜೋಡಿಸಿಯೂ ತೆಗೆಯಬಹುದು.

ಡಿಎಸ್‌ಎಲ್‌ಆರ್ ಕ್ಯಾಮೆರಾ ಇದ್ದಲ್ಲಿ ಮಸೂರದ ಮುಂದೆ ಫಿಲ್ಟರ್ ಇರಲೇಬೇಕು. ಸಂಗಮದೂರವನ್ನು 109ರಿಂದ ಭಾಗಿಸಿದರೆ ಬಿಂಬದ ಗಾತ್ರ ಸುಮಾರಾಗಿ ತಿಳಿಯುತ್ತದೆ: 300 ಮಿ.ಮೀ. ಮಸೂರದಲ್ಲಿ 2.8 ಮಿ.ಮೀ., 1,000 ಮಿ.ಮೀ. ದೂರದರ್ಶಕದಲ್ಲಿ 9 ಮಿ.ಮೀ. ಐಎಸ್‌ಒ 100ಕ್ಕೆ ಇರಿಸಿ, ಸೆಕೆಂಡಿನ 1/500ರಿಂದ 1/2000 ಭಾಗದವರೆಗೆ ಬೇರೆ ಬೇರೆ ವೇಗಗಳಲ್ಲಿ ಪ್ರಯತ್ನಿಸಬೇಕು. ಸ್ವಯಂಚಾಲಿತ ವ್ಯವಸ್ಥೆಯನ್ನು ನಿಲ್ಲಿಸಿ, ಸೂರ್ಯನ ಅಂಚು ಅಥವಾ ದೊಡ್ಡ ಕಲೆಯು ಹರಿತವಾಗಿ ಕಾಣುವಂತೆ ಕೈಯಿಂದಲೇ ಹೊಂದಿಸಬೇಕು. ಗಾಳಿ ನಿಂತ ಕ್ಷಣ ಯಾವುದೆಂದು ಮೊದಲೇ ತಿಳಿಯದಿರುವುದರಿಂದ ಇಪ್ಪತ್ತು ಮೂವತ್ತು ಚಿತ್ರಗಳನ್ನು ತೆಗೆದು ಉತ್ತಮವಾದುದನ್ನು ಉಳಿಸಿಕೊಳ್ಳಬೇಕು. ಇಡೀ ಬಿಂಬದ ಹೊಳಪನ್ನು ತಿದ್ದಬಹುದು. ಆದರೆ ಕಲೆಗಳನ್ನು ಅಳಿಸುವ ಅಥವಾ ಸೇರಿಸುವ ಯಾವುದೇ ತಿದ್ದುಪಡಿ ಸಲ್ಲದು.

ದಿಕ್ಕನ್ನು ಗುರುತಿಸುವುದು

ದೂರದರ್ಶಕವನ್ನು ಅಲುಗಿಸದೆ ಬಿಟ್ಟಲ್ಲಿ ಸೂರ್ಯಬಿಂಬವು ಸುಮಾರು ಎರಡು ನಿಮಿಷಗಳಲ್ಲಿ ತನ್ನದೇ ವ್ಯಾಸದಷ್ಟು ಸರಿಯುತ್ತದೆ. ಅದು ಸರಿಯುವ ಕಡೆಯ ಅಂಚೇ ಪಶ್ಚಿಮ. ಇದನ್ನು ಕಾಗದದ ಮೇಲೆ ಬಾಣದ ಗುರುತಿನಿಂದ ತೋರಿಸಬೇಕು. ಒಂದೇ ಕಲೆಯು ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಇರುವಂತೆ ತೋರಿದರೆ ಅದು ಆಕಾಶದಲ್ಲಿ ಬಿಂಬದ ವಾಲಿಕೆ ಬದಲಾದ ಪರಿಣಾಮವೇ ಹೊರತು ಕಲೆಯ ಚಲನೆಯಲ್ಲ. ಇದಲ್ಲದೆ, ಇಂಡಿ ಭಾಗದಲ್ಲಿ ಮೇ 10 ಮತ್ತು ಆಗಸ್ಟ್ 4ರ ಸುಮಾರಿಗೆ ಮಧ್ಯಾಹ್ನದ ಸೂರ್ಯನು ನೆತ್ತಿಯ ಮೇಲೆ ಬರುತ್ತಾನೆ. ಈ ಎರಡು ದಿನಗಳ ನಡುವೆ ಆತನು ಮಧ್ಯಾಹ್ನ ಉತ್ತರಕ್ಕಿರುತ್ತಾನೆ. ಆದ್ದರಿಂದ ಊಹೆಯಿಂದ ದಿಕ್ಕು ಬರೆಯದೆ ಪ್ರತಿದಿನವೂ ಪರೀಕ್ಷಿಸಿ ಬರೆಯಬೇಕು.

ದಿನವಹಿ ಮತ್ತು ಎಣಿಕೆ

ದಿನಾಂಕ, ಭಾರತೀಯ ಕಾಲಮಾನ, ಸ್ಥಳ, ಉಪಕರಣದ ವ್ಯಾಸ, ವಿಧಾನ, ಗಾಳಿ ಮತ್ತು ಮೋಡದ ಸ್ಥಿತಿ, ಗುಂಪುಗಳ ಸಂಖ್ಯೆ, ಒಟ್ಟು ಕಲೆಗಳ ಸಂಖ್ಯೆ, ಷರಾ: ಇವು ದಿನವಹಿಯ ಕಾಲಂಗಳು. ಸ್ವಿಟ್ಜರ್ಲೆಂಡಿನ ರುಡಾಲ್ಫ್ ವುಲ್ಫ್ 1848ರಲ್ಲಿ ರೂಪಿಸಿದ ಕ್ರಮದಂತೆ, ಗುಂಪುಗಳ ಸಂಖ್ಯೆಯನ್ನು 10ರಿಂದ ಗುಣಿಸಿ ಅದಕ್ಕೆ ಒಟ್ಟು ಕಲೆಗಳ ಸಂಖ್ಯೆಯನ್ನು ಕೂಡಿಸಬೇಕು. ಉದಾಹರಣೆಗೆ 3 ಗುಂಪುಗಳಲ್ಲಿ ಒಟ್ಟು 14 ಕಲೆಗಳಿದ್ದಲ್ಲಿ ಆ ದಿನದ ಸಂಖ್ಯೆ 44. ಚಿಕ್ಕ ದೂರದರ್ಶಕಕ್ಕೆ ಕಡಿಮೆ ಕಲೆಗಳು ಕಾಣುವುದು ಸಹಜ. ಇತರರ ಎಣಿಕೆಯನ್ನು ನೋಡಿ ತಮ್ಮ ಎಣಿಕೆಯನ್ನು ತಿದ್ದಿಕೊಳ್ಳಬಾರದು. ವೀಕ್ಷಕರ ನಡುವಿನ ವ್ಯತ್ಯಾಸವನ್ನು ಸರಿದೂಗಿಸಲು ಪ್ರತ್ಯೇಕ ಗುಣಾಂಕವಿದ್ದು, ಒಬ್ಬರೇ ಒಂದೇ ಉಪಕರಣದಿಂದ ಬಹುಕಾಲ ಎಣಿಸಿದಲ್ಲಿ ಮಾತ್ರ ಅದನ್ನು ನಿರ್ಧರಿಸಲು ಸಾಧ್ಯ.

ಹೀಗೆ ದಿನವಹಿ ಇಟ್ಟವರಿಂದಲೇ ಸೌರಚಕ್ರವು ಬೆಳಕಿಗೆ ಬಂದಿತು. ಜರ್ಮನಿಯ ಡೆಸ್ಸೌ ಪಟ್ಟಣದ ಔಷಧ ವ್ಯಾಪಾರಿ ಸ್ಯಾಮ್ಯುಯೆಲ್ ಶ್ವಾಬೆ ಅವರು 1826ರಿಂದ 1843ರವರೆಗೆ ಮೋಡವಿಲ್ಲದ ಪ್ರತಿದಿನವೂ ಕಲೆಗಳನ್ನು ಎಣಿಸಿ, ಅವು ಸುಮಾರು 10 ವರ್ಷಗಳಿಗೊಮ್ಮೆ ಹೆಚ್ಚುತ್ತವೆ ಎಂದು ತಿಳಿಸಿದರು. ಇಂದಿಗೂ ಬ್ರಸೆಲ್ಸ್‌ನಲ್ಲಿ ಸಿದ್ಧಪಡಿಸಲಾಗುವ ಅಂತರರಾಷ್ಟ್ರೀಯ ಸೌರಕಲೆ ಸಂಖ್ಯೆಗೆ ವೃತ್ತಿಪರರೊಂದಿಗೆ ಹವ್ಯಾಸಿಗಳ ಎಣಿಕೆಯನ್ನೂ ಬಳಸಲಾಗುತ್ತದೆ.

ಸೊನ್ನೆ ಮತ್ತು ಖಾಲಿ ಕಾಲಂ

ಸೂರ್ಯನನ್ನು ನೋಡಿ, ಒಂದೂ ಕಲೆ ಕಾಣದಿದ್ದಲ್ಲಿ ‘0’ ಎಂದು ಬರೆಯಬೇಕು. ಮೋಡ ಅಥವಾ ಅನ್ಯ ಕಾರಣದಿಂದ ನೋಡದಿದ್ದಲ್ಲಿ ‘ವೀಕ್ಷಣೆ ಇಲ್ಲ’ ಎಂದು ಬರೆಯಬೇಕು. ಇವೆರಡೂ ಒಂದೇ ಅಲ್ಲ. 1645ರಿಂದ 1715ರವರೆಗೆ ಸೂರ್ಯನಲ್ಲಿ ಕಲೆಗಳು ಅತಿ ವಿರಳವಾಗಿದ್ದವು. 1998ರಲ್ಲಿ ಪ್ರಕಟವಾದ ಹಳೆಯ ವೀಕ್ಷಣೆಗಳ ಸಂಕಲನದಲ್ಲಿ ಆ ಕಾಲದ ಅನೇಕ ದಿನಗಳಿಗೆ, ಅಂದಂದಿನ ವೀಕ್ಷಣೆಯ ದಾಖಲೆ ಇಲ್ಲದಿದ್ದರೂ, ಸಾಮಾನ್ಯ ಹೇಳಿಕೆಗಳ ಆಧಾರದ ಮೇಲೆ ಸೊನ್ನೆ ತುಂಬಲಾಗಿತ್ತು. 2016ರ ಪರಿಷ್ಕರಣೆಯಲ್ಲಿ ಅವುಗಳನ್ನು ಕೈಬಿಡಬೇಕಾಯಿತು. ನೋಡಿದ ದಿನಗಳೆಷ್ಟು, ನೋಡದ ದಿನಗಳೆಷ್ಟು ಎಂಬುದು ಸ್ಪಷ್ಟವಿಲ್ಲದ ಲೆಕ್ಕವನ್ನು ಮೂರು ಶತಮಾನಗಳ ನಂತರ ಯಾರೂ ಸರಿಪಡಿಸಲಾರರು.

ಸೌರಚಕ್ರವು ಈಗ ಇಳಿಮುಖವಾಗಿದ್ದು, ಮುಂಬರುವ ವರ್ಷಗಳಲ್ಲಿ ಕಲೆಗಳು ಕಡಿಮೆಯಾಗುತ್ತಾ, ಸೂರ್ಯನ ಸಮಭಾಜಕ ರೇಖೆಗೆ ಹತ್ತಿರವಾಗಿ ಕಾಣಿಸಿಕೊಳ್ಳುತ್ತವೆ. ಕಲೆಗಳೇ ಇಲ್ಲದ ದಿನಗಳೂ ಹೆಚ್ಚುತ್ತವೆ. ಹೊಸ ವೀಕ್ಷಕರಿಗೆ ಇದು ನಿರಾಸೆಯ ಕಾಲವೆಂದು ತೋರಬಹುದು. ವಾಸ್ತವವಾಗಿ ಸೂರ್ಯನನ್ನು ಕಂಡು ಬರೆದ ಸೊನ್ನೆಯು ಅತ್ಯಧಿಕ ಕಲೆಗಳ ದಿನದ ಎಣಿಕೆಯಷ್ಟೇ ಬೆಲೆಯುಳ್ಳದ್ದು. ಶಾಲೆಗಳು, ವಿಜ್ಞಾನ ಸಂಘಗಳು ಮತ್ತು ಆಸಕ್ತ ಸಾರ್ವಜನಿಕರು ಮೇಲ್ಕಂಡ ಮುನ್ನೆಚ್ಚರಿಕೆಗಳನ್ನು ಪಾಲಿಸಿ, ಸುರಕ್ಷಿತ ವಿಧಾನದಿಂದ ಈ ದಿನವಹಿಯನ್ನು ಆರಂಭಿಸಿ ಮುಂದುವರಿಸಬಹುದಾಗಿದೆ.