ಮೀನಿನ ಹೊಟ್ಟೆ ಕೆಟ್ಟರೆ ಮೊದಲು ಮದ್ದಲ್ಲ, ನೀರು

ಹಾಸ್ಟೆಲ್ ರೂಮಲ್ಲಿ ನಾಯಿ ಸಾಕೋಕೆ ಆಗಲ್ಲ, ಬೆಕ್ಕಿಗೆ ವಾರ್ಡನ್ ಒಪ್ಪಲ್ಲ. ಉಳಿಯೋದು ಮೀನು. ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಕಡೆ ರೂಮು ಮಾಡಿಕೊಂಡು ಓದುವ ನಮ್ಮಂಥವರ ಮೇಜಿನ ಮೇಲೆ ಲ್ಯಾಪ್‌ಟಾಪ್ ಪಕ್ಕದಲ್ಲೇ ಒಂದು ಗಾಜಿನ ತೊಟ್ಟಿ ಕಂಡರೆ ಆಶ್ಚರ್ಯವಿಲ್ಲ. ಒಂದು ದಿನ ಅದರೊಳಗಿನ ಗೋಲ್ಡ್‌ಫಿಶ್ ಹೊಟ್ಟೆ ಉಬ್ಬಿಸಿಕೊಂಡು, ತಲೆಕೆಳಗಾಗಿ ತೇಲೋಕೆ ಶುರುಮಾಡುತ್ತದೆ. ಹೆಚ್ಚಿನವರು ಆಗ ಮಾಡೋದು ಎರಡು ಕೆಲಸ: ಪೂರ್ತಿ ನೀರು ಚೆಲ್ಲಿ ಹೊಸದು ತುಂಬೋದು, ಇಲ್ಲಾ ಮೆಡಿಕಲ್ ಶಾಪಿಗೆ ಓಡೋದು. ಎರಡರಿಂದಲೂ ಮೀನು ಸಾಯಬಹುದು.

ಸಾಕುಮೀನಿನ ಅಜೀರ್ಣಕ್ಕೆ ಬಹುಪಾಲು ಬೇಕಾಗುವುದು ಎರಡೇ: ನೀರನ್ನು ಪರೀಕ್ಷಿಸುವುದು, ಊಟ ನಿಲ್ಲಿಸುವುದು. ಯಾಕೆ ಅಂತ ನೋಡೋಣ.

ಜಠರವೇ ಇಲ್ಲದ ಮೀನು

ಗೋಲ್ಡ್‌ಫಿಶ್ ಕಾರ್ಪ್ ಕುಟುಂಬದ ಮೀನು. ಈ ಕುಟುಂಬಕ್ಕೆ ಜಠರ ಇಲ್ಲ. ತಿಂದದ್ದು ಅನ್ನನಾಳದಿಂದ ನೇರ ಕರುಳಿಗೆ. ಕಂಪ್ಯೂಟರ್ ಭಾಷೆಯಲ್ಲಿ ಹೇಳೋದಾದ್ರೆ, ಬಫರ್ ಇಲ್ಲದ ಪೈಪ್‌ಲೈನ್. ದಿನವಿಡೀ ಚೂರು ಚೂರು ಮೇಯೋದು ಅದರ ಅಭ್ಯಾಸ. ನಾವು ಮಾತ್ರ ಬೆಳಗ್ಗೆ ಕ್ಲಾಸಿಗೆ ಓಡುವಾಗ ಒಂದು ಹಿಡಿ ಒಣ ಕಾಳು ಸುರಿದು ಹೋಗ್ತೇವೆ. ಒಣ ಕಾಳು ನೀರು ಹೀರಿ ಉಬ್ಬುತ್ತದೆ. ಮೇಲೆ ತೇಲುವ ಕಾಳಿನ ಜೊತೆ ಮೀನು ಗಾಳಿಯನ್ನೂ ನುಂಗುತ್ತದೆ.

ಕರುಳಿನ ಮೇಲ್ಗಡೆಯೇ ಈಜುಚೀಲ ಇದೆ. ಮೀನು ನೀರಲ್ಲಿ ಮುಳುಗದೆ, ತೇಲಿಹೋಗದೆ ನಿಲ್ಲೋದು ಈ ಗಾಳಿಚೀಲದಿಂದ. ತುಂಬಿದ ಕರುಳು ಅದನ್ನು ಒತ್ತಿದರೆ ತೇಲುವಿಕೆಯ ಲೆಕ್ಕ ತಪ್ಪುತ್ತದೆ. ಮೀನು ವಾಲುತ್ತದೆ, ಮಗುಚುತ್ತದೆ. ಒರಾಂಡದಂಥ ದುಂಡು ಮೈಯ ತಳಿಗಳಲ್ಲಿ ಅಂಗಾಂಗಗಳಿಗೆ ಜಾಗವೇ ಕಡಿಮೆ, ಹಾಗಾಗಿ ತೊಂದರೆ ಹೆಚ್ಚು.

ಶಿಶಿಲದ ದೇವರ ಮೀನು, ನಮ್ಮ ತೊಟ್ಟಿಯ ಮೀನು

ಬೆಳ್ತಂಗಡಿ ತಾಲೂಕಿನ ಶಿಶಿಲಕ್ಕೆ ಹೋದವರು ಶಿಶಿಲೇಶ್ವರ ದೇವಸ್ಥಾನದ ಎದುರು ಕಪಿಲಾ ಹೊಳೆಯಲ್ಲಿ ದೇವರ ಮೀನುಗಳನ್ನು ನೋಡಿರುತ್ತೀರಿ. ಅವು ಮಹಶೀರ್, ಗೋಲ್ಡ್‌ಫಿಶ್‌ಗೆ ಹತ್ತಿರದ ನೆಂಟರು, ಅವಕ್ಕೂ ಜಠರ ಇಲ್ಲ. ಬಂದವರೆಲ್ಲ ತಿನ್ನಲು ಹಾಕುತ್ತಾರೆ, ಆದರೂ ಅವು ಬದುಕಿವೆ ಅಲ್ವಾ? ಬದುಕಿರೋದು ಹೊಳೆ ಹರಿಯುವುದರಿಂದ. ಮೀನು ಹರಿವಿಗೆ ಎದುರಾಗಿ ಈಜುತ್ತದೆ, ಉಳಿದ ಕೂಳು ಮತ್ತು ಹೊಲಸು ಕೊಚ್ಚಿಹೋಗುತ್ತದೆ. ಅದೇ ಹೊಳೆಗೆ 1996ರಲ್ಲಿ ವಿಷ ಹಾಕಿದಾಗ ರಾಶಿ ರಾಶಿ ಮೀನು ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವೂ ಉಂಟು. ಅಷ್ಟು ದೊಡ್ಡ ಹೊಳೆಯ ಮೀನೂ ನೀರು ಕೆಟ್ಟರೆ ಉಳಿಯಲ್ಲ. ನಮ್ಮ 20 ಲೀಟರಿನ ತೊಟ್ಟಿಯಂತೂ ಎಲ್ಲಿಗೂ ಹರಿಯಲ್ಲ. ಅದರ ಹೊಳೆ ನಾವೇ.

ಕ್ರಮವಾಗಿ ಏನು ಮಾಡಬೇಕು?

1. ನೀರು ಪರೀಕ್ಷಿಸಿ. ಅಕ್ವೇರಿಯಂ ಅಂಗಡಿಗಳಲ್ಲಿ ಟೆಸ್ಟ್ ಕಿಟ್ ಸಿಗುತ್ತದೆ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಮೀನು ಕಿವಿರಿನಿಂದ ಅಮೋನಿಯ ಬಿಡುತ್ತದೆ, ಕೊಳೆತ ಕಾಳಿನಿಂದಲೂ ಅದೇ ಬರುತ್ತದೆ. ಫಿಲ್ಟರಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು 4ರಿಂದ 6 ವಾರ ಬೇಕು. ಇನ್ನು ನಮ್ಮ ಮುರಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಆಮ್ಲೀಯ. ಪಿಎಚ್ ತೀರಾ ಇಳಿದರೆ ಈ ಬ್ಯಾಕ್ಟೀರಿಯಾಗಳ ಕೆಲಸವೂ ನಿಧಾನ. ಹಾಗಾಗಿ ಪಿಎಚ್ ಸಹ ನೋಡಿ. ನೀರು ಬದಲಿಸುವಾಗ ಒಮ್ಮೆಗೆ ಕಾಲು ಭಾಗ ಸಾಕು. ನಳ್ಳಿ ನೀರಾದರೆ ಮೊದಲು ಕ್ಲೋರಿನ್ ತೆಗೆಯಿರಿ.

2. ಉಪವಾಸ ಹಾಕಿ. ಎರಡು ಮೂರು ದಿನ ಏನೂ ಕೊಡಬೇಡಿ. ಮೀನು ತಣ್ಣನೆ ರಕ್ತದ ಪ್ರಾಣಿ, ಮೈ ಬಿಸಿ ಇಟ್ಟುಕೊಳ್ಳಲು ನಮ್ಮ ಹಾಗೆ ಶಕ್ತಿ ಸುಡಬೇಕಾಗಿಲ್ಲ. ಬೆಳೆದ ಮೀನಿಗೆ ಇದರಿಂದ ಏನೂ ಆಗಲ್ಲ.

3. ಬಟಾಣಿ ಕೊಡಿ. ಹಸಿ ಬಟಾಣಿಯನ್ನು ಬೇಯಿಸಿ, ಸಿಪ್ಪೆ ತೆಗೆದು, ಹಿಸುಕಿ ಸ್ವಲ್ಪವೇ ಹಾಕಿ. ಉಪ್ಪು, ಒಗ್ಗರಣೆ ಬೇಡ ಮಾರಾಯ್ರೆ! ಇದು ಗೋಲ್ಡ್‌ಫಿಶ್‌ಗೆ ಮಾತ್ರ. ಬೆಟ್ಟಾ ಅಂದರೆ ಫೈಟರ್ ಮೀನು ಹುಳ ತಿನ್ನುವ ಜಾತಿ. ಅದಕ್ಕೆ ಉಪವಾಸದ ನಂತರ ಡಾಫ್ನಿಯಾ ಒಳ್ಳೆಯದು.

4. ಆಗಲೂ ಸರಿಹೋಗದಿದ್ದರೆ ಎಪ್ಸಮ್ ಸಾಲ್ಟ್, ಅಂದರೆ ಮೆಗ್ನೀಶಿಯಂ ಸಲ್ಫೇಟ್. 20 ಲೀಟರಿಗೆ ಒಂದು ಟೀ ಚಮಚ, ಮೊದಲೇ ಬೇರೆ ಲೋಟದಲ್ಲಿ ಕರಗಿಸಿ ನಿಧಾನಕ್ಕೆ ಸೇರಿಸಿ. ಅಡುಗೆ ಉಪ್ಪು ಇದಕ್ಕೆ ಬದಲಿ ಅಲ್ಲ.

ಹೊಟ್ಟೆ ದಪ್ಪ ಆದದ್ದೆಲ್ಲ ಅಜೀರ್ಣ ಅಲ್ಲ

ಹೆಣ್ಣು ಗಪ್ಪಿ, ಮಾಲಿಗಳ ಹೊಟ್ಟೆ ಉಬ್ಬಿದ್ದರೆ ಬಸುರಿ ಇರಬಹುದು. ಉಪವಾಸ ಹಾಕಿ ಸತಾಯಿಸಬೇಡಿ. ಹುರುಪೆಗಳು ಪೈನ್ ಕಾಯಿಯ ಹಾಗೆ ಎದ್ದು ನಿಂತಿದ್ದರೆ ಅದು ಡ್ರಾಪ್ಸಿ. ಮೈಯೊಳಗೆ ನೀರು ತುಂಬಿದೆ, ಮೂತ್ರಪಿಂಡ ಸೋತಿರಬಹುದು. ಬಟಾಣಿಯಿಂದ ಅದು ವಾಸಿಯಾಗಲ್ಲ. ಬಿಳಿ ದಾರದಂಥ ಮಲ ಒಂದೆರಡು ದಿನ ಕಂಡರೆ ಖಾಲಿ ಕರುಳಿನ ಲೋಳೆ ಇರಬಹುದು. ಆದರೆ ಮೀನು ಸೊರಗುತ್ತಾ ಹೋದರೆ ಕರುಳಲ್ಲಿ ಪರೋಪಜೀವಿ ಇರುವ ಸಾಧ್ಯತೆ ಉಂಟು. ಇಂಥ ಹೊತ್ತಲ್ಲಿ ತಿಳಿದವರನ್ನೇ ಕೇಳಬೇಕು. ನಮಗೆ ಮಂಗಳೂರು ದೂರವೇನಲ್ಲ. ಮೀನಿನ ರೋಗಗಳನ್ನೇ ಓದಿಸುವ ಮೀನುಗಾರಿಕಾ ಕಾಲೇಜು 1969ರಿಂದ ಅಲ್ಲಿದೆ.

ಮನುಷ್ಯರ ಆ್ಯಂಟಿಬಯಾಟಿಕ್ ಮಾತ್ರೆಯನ್ನು ಪುಡಿಮಾಡಿ ತೊಟ್ಟಿಗೆ ಹಾಕುವುದು ಬೇಡವೇ ಬೇಡ. ಅಜೀರ್ಣಕ್ಕೆ ಅದರಿಂದ ಲಾಭವಿಲ್ಲ, ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯಬಹುದು, ಅಮೋನಿಯ ಏರಬಹುದು. ತೊಟ್ಟಿಯ ನೀರು ಕೊನೆಗೆ ಹೋಗೋದು ಚರಂಡಿಗೆ, ಅಲ್ಲಿಂದ ಹೊಳೆಗೆ. ಬಂಟ್ವಾಳ ದಾಟಿದ ನೇತ್ರಾವತಿ ತುಂಬೆ ಅಣೆಕಟ್ಟಿನಲ್ಲಿ ನಿಂತು ಮಂಗಳೂರಿನ ಕುಡಿಯುವ ನೀರಾಗುತ್ತದೆ. ಆ ನೀರಲ್ಲಿ ಔಷಧಿಗೆ ಬಗ್ಗದ ರೋಗಾಣು ಬೆಳೆದರೆ ನಷ್ಟ ನಮಗೇ. ಹಾಗೆಯೇ ಕಾಯಿಲೆ ಮೀನನ್ನು "ಬದುಕಿಕೊಳ್ಳಲಿ" ಅಂತ ಮೂಡುಬಿದಿರೆಯ ಕೆರೆಗೋ ಹೊಳೆಗೋ ಬಿಡಬೇಡಿ. ಅದು ಅಲ್ಲಿಯ ಮೀನುಗಳಿಗೆ ರೋಗ ಹರಡಬಹುದು. ಬದುಕಿ ಉಳಿದರೆ ಅವುಗಳ ಆಹಾರಕ್ಕೂ ಪೈಪೋಟಿ.

ಇನ್ನು ಮುಂದೆ ಹೊಟ್ಟೆ ಕೆಡದಂತೆ ನೋಡಿಕೊಳ್ಳೋದು ಕಷ್ಟವಲ್ಲ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಒಣ ಕಾಳನ್ನು ಹಾಕುವ ಮುಂಚೆ ಸ್ವಲ್ಪ ಹೊತ್ತು ನೆನೆಸಿ. ರೂಮಲ್ಲಿ ಮೂವರಿದ್ದರೆ ಮೂವರೂ ಊಟ ಹಾಕದಂತೆ ಗೋಡೆಗೆ ಒಂದು ಚೀಟಿ ಅಂಟಿಸಿ, ಹಾಕಿದವರು ಗುರುತು ಮಾಡಲಿ. ಶುಕ್ರವಾರ ಸಂಜೆ ಊರಿಗೆ ಹೊರಡುವಾಗ "ಪಾಪ, ಮೂರು ದಿನಕ್ಕೆ ಇರಲಿ" ಅಂತ ಡಬ್ಬಿ ಬಗ್ಗಿಸಬೇಡಿ. ಸೋಮವಾರದ ತನಕ ಮೀನು ಹಸಿದೇ ಇರಲಿ, ಏನೂ ಆಗಲ್ಲ.